ನ್ಯೂಟ್ರೋಫಿಲ್ ಬೀಸುವ ಬಲೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ರಕ್ತದ ಸ್ಲೈಡುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು ನನ್ನ ಕಸುಬು. ವರದಿ ಹಿಡಿದು ಬಂದವರು, ತೀರ್ಥಹಳ್ಳಿ, ಸಾಗರದ ಕಡೆ ಆರೋಗ್ಯದ ಬಗ್ಗೆ ಮಾತನಾಡಲು ಹೋದಾಗ ಸಿಕ್ಕವರು, ಆಮೇಲೆ ಪತ್ರ ಬರೆದವರು, ವೈದ್ಯಕೀಯ ಓದುತ್ತಿರುವ ಮಕ್ಕಳು, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಬ್ಯಾಕ್ಟೀರಿಯಾ ಹಿಡಿಯಲು ಬೀಸುವ ಬಲೆಯ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಆರಿಸಿ, ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಭಾಗಕ್ಕೆ ಹೈಸ್ಕೂಲಿನ ವಿಜ್ಞಾನ ಸಾಕು. ಕೊನೆಯ ಭಾಗಕ್ಕೆ ಸ್ವಲ್ಪ ತಾಳ್ಮೆ ಬೇಕು.

## ಮೊದಲು ತಿಳಿಯಬೇಕಾದದ್ದು

ನ್ಯೂಟ್ರೋಫಿಲ್ ಎಂದರೆ ಏನು? ರಕ್ತದ ರಿಪೋರ್ಟಿನಲ್ಲಿ ಬಿಳಿ ಕಣಗಳ ಸಾಲಿನಲ್ಲಿ ಅದೇ ಮೊದಲು ಇರುತ್ತದೆ.

ದೊಡ್ಡವರ ರಕ್ತದಲ್ಲಿರುವ ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಅದಕ್ಕೇ ಮೊದಲ ಸ್ಥಾನ. ಮೂಳೆಯ ಮಜ್ಜೆಯಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳು ಹುಟ್ಟುತ್ತವೆ, ಹೆಚ್ಚುಕಡಿಮೆ ಅಷ್ಟೇ ಸಾಯುತ್ತವೆ. ರಕ್ತದಲ್ಲಿ ಇವುಗಳ ಆಯುಷ್ಯ ಗಂಟೆಗಳ ಲೆಕ್ಕದ್ದು. ಸ್ಲೈಡಿನಲ್ಲಿ ಇವನ್ನು ಗುರುತಿಸುವುದು ಸುಲಭ: ಒಳಗಿನ ಕೋಶಕೇಂದ್ರ ಮೂರು, ನಾಲ್ಕು, ಐದು ತುಂಡುಗಳಾಗಿ, ತುಂಡು ತುಂಡಿಗೂ ಸಣ್ಣ ಎಳೆಯ ಕೊಂಡಿ ಇಟ್ಟಂತೆ ಕಾಣುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಒಳಗೆ ಬ್ಯಾಕ್ಟೀರಿಯಾ ಸೇರಿದರೆ ರಕ್ತನಾಳದ ಗೋಡೆ ನುಸುಳಿ ಮೊದಲು ಅಲ್ಲಿಗೆ ಓಡುವುದು ನ್ಯೂಟ್ರೋಫಿಲ್.

ಬಲೆ ಬಲೆ ಎನ್ನುತ್ತೀರಿ. ಅದು ನಿಜವಾದ ಬಲೆಯೇ, ಬರೀ ಹೋಲಿಕೆಯೇ?

ನಿಜವಾದ ಬಲೆ. ಶತ್ರುವನ್ನು ಎದುರಿಸಲು ನ್ಯೂಟ್ರೋಫಿಲ್‌ಗೆ ಮೂರು ದಾರಿಗಳಿವೆ. ಒಂದು, ನುಂಗಿ ಅರಗಿಸುವುದು. ಎರಡು, ತನ್ನ ಒಡಲಿನ ಕಾಳುಗಳಲ್ಲಿ ತುಂಬಿಟ್ಟ ವಿಷವನ್ನು ಹೊರಕ್ಕೆ ಚೆಲ್ಲುವುದು. ಮೂರನೆಯದು ಬಲೆ ಬೀಸುವುದು. ತನ್ನದೇ ಡಿಎನ್‌ಎ ಸುರುಳಿಯನ್ನು ಬಿಚ್ಚಿ ಹೊರಗೆ ಎಸೆಯುತ್ತದೆ. ಆ ದಾರದ ದಪ್ಪ ಸುಮಾರು 15ರಿಂದ 17 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ದಾರದ ಉದ್ದಕ್ಕೂ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನು, ಎಲಾಸ್ಟೇಸ್, ಮೈಲೋಪೆರಾಕ್ಸಿಡೇಸ್ ಮುಂತಾದ ಚುರುಕಾದ ಕಿಣ್ವಗಳು ಅಂಟಿಕೊಂಡಿರುತ್ತವೆ. ಹಿಸ್ಟೋನ್ ಕೂಡ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ಮುಳ್ಳು ಕಟ್ಟಿದ ಬಲೆ ಎನ್ನಿ. ಒಂದು ಕೋಶದ ಡಿಎನ್‌ಎಯನ್ನು ಪೂರ್ತಿ ಎಳೆದು ನೀಟಿದರೆ ಸುಮಾರು ಎರಡು ಮೀಟರ್ ಆಗುತ್ತದೆ. ಕೋಶದ ಅಗಲವೋ ಒಂದು ಮಿಲಿಮೀಟರಿನ ಸುಮಾರು ನೂರನೇ ಒಂದು ಪಾಲು. ಇಷ್ಟು ಸಣ್ಣ ಚೀಲದಿಂದ ಅಷ್ಟು ದೊಡ್ಡ ಬಲೆ ಹೊರಬರುವುದನ್ನು ಚಿತ್ರಗಳಲ್ಲಿ ಎಷ್ಟು ಬಾರಿ ನೋಡಿದರೂ ನನ್ನ ಬೆರಗು ಇಳಿದಿಲ್ಲ.

ಡಿಎನ್‌ಎ ಹೊರಗೆ ಹೋದ ಮೇಲೆ ಆ ಕೋಶ ಬದುಕುತ್ತದೆಯೇ?

ಹೆಚ್ಚಿನ ಸಲ ಸಾಯುತ್ತದೆ. ಎರಡರಿಂದ ನಾಲ್ಕು ಗಂಟೆಯ ಅವಧಿಯಲ್ಲಿ ಕೋಶಕೇಂದ್ರದ ಗೋಡೆ ಕರಗಿ, ಒಳಗಿನದೆಲ್ಲ ಬೆರೆತು, ಕೊನೆಗೆ ಹೊರಪೊರೆ ಒಡೆದು ಬಲೆ ಹರಡಿಕೊಳ್ಳುತ್ತದೆ. ಈ ಬಗೆಯ ಸಾವಿಗೆ 2007ರಲ್ಲಿ ‘ನೆಟೋಸಿಸ್’ ಎಂಬ ಹೆಸರು ಬಂತು. ಇನ್ನೊಂದು ಬಗೆಯೂ ಇದೆ. ಕೆಲವು ಸೋಂಕುಗಳಲ್ಲಿ ನ್ಯೂಟ್ರೋಫಿಲ್ ನಿಮಿಷಗಳಲ್ಲೇ ಡಿಎನ್‌ಎ ಚೆಲ್ಲುತ್ತದೆ, ಹೊರಪೊರೆ ಹರಿಯುವುದಿಲ್ಲ. ಕೋಶಕೇಂದ್ರ ಕಳೆದುಕೊಂಡ ಮೇಲೂ ಅದು ತೆವಳುತ್ತದೆ, ಬ್ಯಾಕ್ಟೀರಿಯಾ ನುಂಗುತ್ತದೆ.

ಕಂಡುಹಿಡಿದದ್ದು ಯಾರು? ನಾವು ಓದುವಾಗ ಪುಸ್ತಕದಲ್ಲಿ ಇದು ಇರಲಿಲ್ಲ.

ಇರಲು ಸಾಧ್ಯವಿರಲಿಲ್ಲ. ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸೋಂಕು ಜೀವಶಾಸ್ತ್ರ ಸಂಸ್ಥೆಯ ಫೋಲ್ಕರ್ ಬ್ರಿಂಕ್‌ಮನ್, ಆರ್ಟುರೋ ಝಿಖ್ಲಿನ್ಸ್ಕಿ ಮತ್ತು ಸಂಗಡಿಗರು 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನ್ಯೂಟ್ರೋಫಿಲ್ ಶತ್ರುವನ್ನು ನುಂಗುತ್ತದೆ ಎಂಬ ತಿಳಿವಳಿಕೆಗೆ ನೂರಕ್ಕೂ ಹೆಚ್ಚು ವರ್ಷದ ಇತಿಹಾಸವಿದೆ. ನುಂಗುವ ಕಣಗಳನ್ನು ಮೊದಲು ಗುರುತಿಸಿದ ಇಲ್ಯಾ ಮೆಚ್ನಿಕಾಫ್ ಅವರಿಗೆ 1908ರಲ್ಲೇ ನೊಬೆಲ್ ಬಂದಿತ್ತು. ಅಷ್ಟು ಕಾಲ ಬಲೆ ಏಕೆ ಕಣ್ಣಿಗೆ ಬೀಳಲಿಲ್ಲ ಎಂದರೆ, ಅದು ಬಹಳ ನಾಜೂಕು. ಸ್ಲೈಡ್ ಬಳಿಯುವಾಗ, ತೊಳೆಯುವಾಗ ಹರಿದುಹೋಗುತ್ತದೆ. ಉಳಿದದ್ದನ್ನು ನಮ್ಮಂಥವರು ‘ಒಡೆದ ಕೋಶ, ಬಣ್ಣ ಸರಿಯಾಗಿ ಹಿಡಿದಿಲ್ಲ’ ಎಂದು ಬದಿಗಿಡುತ್ತಿದ್ದೆವು.

ಗಾಯದಲ್ಲಿ ಬರುವ ಕೀವು ಈ ಬಲೆಯೇ?

ಕೀವಿನಲ್ಲಿ ಸತ್ತ ನ್ಯೂಟ್ರೋಫಿಲ್‌ಗಳು, ಬ್ಯಾಕ್ಟೀರಿಯಾ, ಕರಗಿದ ಅಂಗಾಂಶ, ಜೊತೆಗೆ ಬಲೆಯ ಡಿಎನ್‌ಎಯೂ ಇರುತ್ತದೆ. ಕೀವು ನೂಲು ನೂಲಾಗಿ ಅಂಟುವುದಕ್ಕೆ ಆ ಡಿಎನ್‌ಎ ಒಂದು ಮುಖ್ಯ ಕಾರಣ. ಇಲ್ಲೊಂದು ಚೆಂದದ ಹಳೆಯ ಕತೆಯಿದೆ. 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ, ಕೋಟೆಯೊಂದರ ಹಳೆಯ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡ ಜಾಗದಲ್ಲಿ, ಫ್ರೀಡ್ರಿಕ್ ಮೀಶರ್ ಎಂಬ ತರುಣ ಆಸ್ಪತ್ರೆಯಿಂದ ತಂದ ಕೀವಿನ ಬ್ಯಾಂಡೇಜುಗಳನ್ನು ತೊಳೆದು ಬಿಳಿ ಕಣಗಳನ್ನು ಬೇರ್ಪಡಿಸಿದರು. ಅವುಗಳಿಂದ ಸಿಕ್ಕ ಹೊಸ ವಸ್ತುವಿಗೆ ‘ನ್ಯೂಕ್ಲೀನ್’ ಎಂದು ಹೆಸರಿಟ್ಟರು. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ಅಂದರೆ ಮನುಷ್ಯನಿಗೆ ಡಿಎನ್‌ಎ ಮೊದಲು ಸಿಕ್ಕಿದ್ದು ಕೀವಿನಲ್ಲಿ.

ನನ್ನ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ 82 ಎಂದಿದೆ. ಬಲೆ ಜಾಸ್ತಿ ಆಗಿದೆಯೇ?

ಆ ಅಂಕಿ ತಲೆ ಎಣಿಸುತ್ತದೆ. ತಲೆಗಳು ಏನು ಮಾಡುತ್ತಿವೆ ಎಂದು ಹೇಳುವುದಿಲ್ಲ. ಶೇಕಡಾ 82 ಎಂದರೆ ಸೋಂಕು ಇರಬಹುದು, ಸ್ಟೆರಾಯ್ಡ್ ಮಾತ್ರೆಯ ಪರಿಣಾಮ ಇರಬಹುದು, ಪೆಟ್ಟು, ಶಸ್ತ್ರಚಿಕಿತ್ಸೆಯ ಒತ್ತಡವೂ ಇರಬಹುದು. ಬಲೆಯ ಅಳತೆಗೆ ಬೇರೆ ಪರೀಕ್ಷೆಗಳಿವೆ, ಆದರೆ ಅವು ಸಂಶೋಧನೆಯ ಪ್ರಯೋಗಾಲಯಗಳಿಗೆ ಸೇರಿದವು. ಆ ಹೆಸರಿನಲ್ಲಿ ಯಾರಾದರೂ ದುಬಾರಿ ‘ಪ್ಯಾಕೇಜ್’ ಮುಂದಿಟ್ಟರೆ ದಯವಿಟ್ಟು ಹಣ ಕಳೆದುಕೊಳ್ಳಬೇಡಿ. ವರದಿಯನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರಿಗೆ ತೋರಿಸಿ.

ಅಮೃತಬಳ್ಳಿ ಕಷಾಯ ಕುಡಿದರೆ ಈ ಬಲೆ ಗಟ್ಟಿಯಾಗುತ್ತದೆಯೇ?

ಪ್ರಶ್ನೆಯ ಒಳಗೊಂದು ನಂಬಿಕೆ ಕೂತಿದೆ: ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು. ಬಲೆಯ ವಿಷಯದಲ್ಲಿ ಇದು ಸರಿಯಲ್ಲ. ಮುಂದಿನ ಭಾಗದ ಬಹುತೇಕ ಕಾಯಿಲೆಗಳಲ್ಲಿ ಬಲೆ ಹೆಚ್ಚಾದದ್ದೇ ತೊಂದರೆ. ಊಟದ ಜೊತೆ ಒಂದು ಲೋಟ ಕಷಾಯ ಕುಡಿಯುವವರನ್ನು ನಾನು ತಡೆಯುವುದಿಲ್ಲ. ಆದರೆ ಅಮೃತಬಳ್ಳಿಯನ್ನು ವಾರಗಟ್ಟಲೆ ಔಷಧಿಯಂತೆ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಿಂದಲೇ ಬಂದಿವೆ. ಲೂಪಸ್‌ನಂಥ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿ ಬೀಳುವಂಥದ್ದು) ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

## ಬಲೆ ಮತ್ತು ಕಾಯಿಲೆ

ನಮ್ಮನ್ನು ಕಾಯಲು ಹಾಕಿದ ಬಲೆ ನಮಗೇ ಕಾಯಿಲೆ ಏಕೆ ತರುತ್ತದೆ?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

ಮಳೆಗಾಲದ ಮೊದಲ ನೀರಿಗೆ ಹತ್ತುಮೀನು ಹಿಡಿಯಲು ಹಳ್ಳಕ್ಕೆ ಬಲೆ ಕಟ್ಟುವವರು ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿ ತರುತ್ತಾರೆ. ಬಿಟ್ಟು ಬಂದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ತರಗೆಲೆ, ಕಡ್ಡಿ, ಅಡಿಕೆ ಹಾಳೆ ಒಂದೊಂದಾಗಿ ಸಿಕ್ಕಿ ಹಳ್ಳ ಕಟ್ಟುತ್ತದೆ, ನೀರು ತೋಟಕ್ಕೆ ನುಗ್ಗುತ್ತದೆ. ರಕ್ತದಲ್ಲಿ ಬಲೆ ಬಿಚ್ಚುವ ಕೆಲಸ ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳದ್ದು. ಅವಕ್ಕೆ ಡಿಎನ್‌ಏಸ್ ಎಂದು ಹೆಸರು. ಚೂರಾದ ಬಲೆಯನ್ನು ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ಕಣ ಗುಡಿಸಿ ನುಂಗುತ್ತದೆ.

2017ರಲ್ಲಿ ಬಂದ ಒಂದು ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ರಕ್ತದಲ್ಲಿ ಕೆಲಸ ಮಾಡುವ ಎರಡು ಡಿಎನ್‌ಏಸ್‌ಗಳೂ ಇಲ್ಲದ ಇಲಿಗಳಲ್ಲಿ ನ್ಯೂಟ್ರೋಫಿಲ್‌ಗಳು ಹೆಚ್ಚಿ ಬಲೆ ಬಿಟ್ಟಾಗ, ಬಲೆಗಳೇ ಗಂಟುಗಟ್ಟಿ ಸಣ್ಣ ರಕ್ತನಾಳಗಳನ್ನು ಮುಚ್ಚಿದವು, ಇಲಿಗಳು ಸತ್ತವು. ಎರಡರಲ್ಲಿ ಒಂದು ಕಿಣ್ವ ಇದ್ದರೂ ಬದುಕಿದವು. ಬಲೆ ಬೀಸಿದ್ದು ಎರಡೂ ಗುಂಪಿನಲ್ಲಿ ಒಂದೇ. ವ್ಯತ್ಯಾಸ ಇದ್ದದ್ದು ಬಲೆ ತೆಗೆಯುವುದರಲ್ಲಿ. ಬಲೆಯ ಕಾಯಿಲೆಗಳನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ: ಬೇಡದ ಜಾಗದಲ್ಲಿ ಬೀಸಿದ ಬಲೆ, ಅಳತೆ ಮೀರಿ ಬೀಸಿದ ಬಲೆ, ಬೀಸಿ ತೆಗೆಯದ ಬಲೆ. ಮೂರನೆಯದರ ಬಗ್ಗೆ ಜನ ಕೇಳುವುದು ಕಡಿಮೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ.

ಹೃದಯಾಘಾತ, ಪಾರ್ಶ್ವವಾಯುವಿಗೂ ಇದಕ್ಕೂ ಸಂಬಂಧ ಇದೆಯೇ?

ಇದೆ, ಗಟ್ಟಿಯಾದ ಸಂಬಂಧ. ರಕ್ತ ಹೆಪ್ಪುಗಟ್ಟುವುದೆಂದರೆ ಫೈಬ್ರಿನ್ ಎಂಬ ನಾರಿನ ಹೆಣಿಗೆಯಲ್ಲಿ ಪ್ಲೇಟ್‌ಲೆಟ್, ಕೆಂಪು ಕಣ ಸಿಕ್ಕಿಕೊಳ್ಳುವುದು ಎಂದು ನಾವು ಕಲಿತಿದ್ದೆವು. 2010ರಲ್ಲಿ ಅಮೆರಿಕದ ಸಂಶೋಧಕಿ ಡೆನಿಸಾ ವ್ಯಾಗ್ನರ್ ಅವರ ತಂಡ ಆ ಹೆಪ್ಪಿಗೆ ಇನ್ನೊಂದು ಹಂದರ ಇರುವುದನ್ನು ತೋರಿಸಿತು: ನ್ಯೂಟ್ರೋಫಿಲ್‌ನ ಬಲೆ. ಪ್ಲೇಟ್‌ಲೆಟ್ ಬಲೆಗೆ ಅಂಟುತ್ತದೆ, ಬಲೆಯ ಹಿಸ್ಟೋನ್ ಪ್ಲೇಟ್‌ಲೆಟ್ಟನ್ನು ಕೆರಳಿಸುತ್ತದೆ, ಕೆರಳಿದ ಪ್ಲೇಟ್‌ಲೆಟ್ ಇನ್ನಷ್ಟು ನ್ಯೂಟ್ರೋಫಿಲ್‌ಗಳಿಂದ ಬಲೆ ಬಿಡಿಸುತ್ತದೆ. ಮುಂದೆ ಹೃದಯದ ನಾಳಗಳಿಂದ, ಮಿದುಳಿನ ನಾಳಗಳಿಂದ ಹೊರತೆಗೆದ ಹೆಪ್ಪುಗಳಲ್ಲೂ ಬಲೆ ಸಿಕ್ಕಿತು.

ಪಾರ್ಶ್ವವಾಯುವಿಗೆ ಕೊಡುವ ಹೆಪ್ಪು ಕರಗಿಸುವ ಚುಚ್ಚುಮದ್ದು ಫೈಬ್ರಿನ್ ನಾರನ್ನು ಕತ್ತರಿಸುತ್ತದೆ, ಡಿಎನ್‌ಎ ದಾರವನ್ನು ಕತ್ತರಿಸುವುದಿಲ್ಲ. ರೋಗಿಗಳಿಂದ ತೆಗೆದ ಹೆಪ್ಪನ್ನು ಪ್ರಯೋಗಾಲಯದಲ್ಲಿ ಆ ಮದ್ದಿನ ಜೊತೆ ಡಿಎನ್‌ಏಸ್ ಸೇರಿಸಿ ಇಟ್ಟಾಗ ಬೇಗ ಕರಗಿತು. ಕೆಲವು ಹೆಪ್ಪುಗಳು ಮದ್ದಿಗೆ ಬಗ್ಗದಿರುವುದಕ್ಕೆ ಇದೂ ಒಂದು ಕಾರಣ. ಇದರಿಂದ ಚುಚ್ಚುಮದ್ದು ವ್ಯರ್ಥ ಎಂದು ತಿಳಿಯಬೇಡಿ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ನಾಲ್ಕೂವರೆ ಗಂಟೆಯೊಳಗೆ ಆ ಮದ್ದು ಸಿಗಬೇಕು. ಹೊಸನಗರದ ಒಳ ಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಬೆಳಗಾಗಲಿ ನೋಡೋಣ ಎಂದು ಕಾಯಬೇಡಿ.

ಮಗಳಿಗೆ ಲೂಪಸ್ ಎಂದಿದ್ದಾರೆ. ತನ್ನ ಡಿಎನ್‌ಎಗೇ ದೇಹ ವಿರುದ್ಧವಾಗಿದೆ ಎನ್ನುತ್ತಾರೆ. ಹಾಗೆಂದರೇನು?

ಈ ಪ್ರಶ್ನೆಯನ್ನು ತಾಯಂದಿರೇ ಹೆಚ್ಚು ಕೇಳಿದ್ದಾರೆ. ನಿಧಾನವಾಗಿ ಹೇಳುತ್ತೇನೆ.

ಡಿಎನ್‌ಎ ಇರಬೇಕಾದ್ದು ಕೋಶಕೇಂದ್ರದ ಒಳಗೆ, ಬಾಗಿಲು ಹಾಕಿದ ಕೋಣೆಯಲ್ಲಿ. ಹೊರಗೆ ಬಿದ್ದ ಡಿಎನ್‌ಎಯನ್ನು ಕಂಡರೆ ದೇಹದ ಕಾವಲುಗಾರ ಕಣಗಳು ವೈರಸ್ ಬಂದಿದೆಯೆಂದು ತಿಳಿದು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಸುರಿಸುತ್ತವೆ. 2011ರಲ್ಲಿ ಬಂದ ಎರಡು ಅಧ್ಯಯನಗಳು ಲೂಪಸ್ ರೋಗಿಗಳಲ್ಲಿ ಇದು ನಡೆಯುವ ದಾರಿಯನ್ನು ತೋರಿಸಿದವು: ನ್ಯೂಟ್ರೋಫಿಲ್ ಬಲೆ ಬಿಡುತ್ತದೆ, ಬಲೆಯ ಡಿಎನ್‌ಎ ಕಾವಲು ಕಣವನ್ನು ಕೆರಳಿಸುತ್ತದೆ, ಇಂಟರ್‌ಫೆರಾನ್ ಏರುತ್ತದೆ, ಅದರಿಂದ ಹದಗೊಂಡ ನ್ಯೂಟ್ರೋಫಿಲ್‌ಗಳು ಇನ್ನಷ್ಟು ಸುಲಭವಾಗಿ ಬಲೆ ಬಿಡುತ್ತವೆ. ಈ ನಡುವೆ ಡಿಎನ್‌ಎ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ನಿಮ್ಮ ಮಗಳ ವರದಿಯಲ್ಲಿರುವ ‘ಆಂಟಿ ಡಿಎನ್‌ಎ’ ಅದೇ.

ಅದಕ್ಕೂ ಒಂದು ವರ್ಷ ಮೊದಲು, ಕೆಲವು ಲೂಪಸ್ ರೋಗಿಗಳ ರಕ್ತದ್ರವಕ್ಕೆ ಬಲೆಯನ್ನು ಕರಗಿಸುವ ಶಕ್ತಿಯೇ ಕುಂದಿರುವುದು ಗೊತ್ತಾಗಿತ್ತು. ಅಂಥವರಲ್ಲಿ ಮೂತ್ರಪಿಂಡದ ತೊಂದರೆ ಹೆಚ್ಚು ಕಂಡಿತು. ಪ್ರತಿಕಾಯಗಳು ಬಲೆಗೆ ಅಂಟಿ ಕುಳಿತರೆ ಕತ್ತರಿಸುವ ಕಿಣ್ವಕ್ಕೆ ಕೈ ಹಾಕಲು ಜಾಗ ಸಿಗುವುದಿಲ್ಲ. ಇಂಥ ಕಿಣ್ವಗಳಲ್ಲಿ ಒಂದರ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಕೆಲವೇ ಕುಟುಂಬಗಳಲ್ಲಿ ಮಕ್ಕಳಿಗೇ ಲೂಪಸ್ ಬರುತ್ತದೆ.

ಇಷ್ಟು ತಿಳಿದ ಮೇಲೆ ಎರಡು ಮಾತು. ಇದು ನೀವು ಮಾಡಿದ ಯಾವ ತಪ್ಪಿನಿಂದಲೂ ಬಂದದ್ದಲ್ಲ, ಅಂಟುವುದೂ ಇಲ್ಲ. ಮತ್ತೆ, ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಇಂಟರ್‌ಫೆರಾನ್ ಎಬ್ಬಿಸುವ ಆ ಸುದ್ದಿಯನ್ನು ಕಾವಲು ಕಣದೊಳಗೇ ತಗ್ಗಿಸುತ್ತದೆ. ಹುಷಾರಾಯಿತೆಂದು ಅದನ್ನು ಬಿಟ್ಟ ಹುಡುಗಿಯರು ಆರು ತಿಂಗಳ ಮೇಲೆ ಊದಿದ ಮುಖ ಹೊತ್ತು ಬರುವುದನ್ನು ನೋಡಿದ್ದೇನೆ. ವೈದ್ಯರು ಹೇಳುವವರೆಗೆ ಬಿಡಬೇಡಿ, ಕಣ್ಣಿನ ತಪಾಸಣೆಯನ್ನು ತಪ್ಪಿಸಬೇಡಿ.

ಕೀಲುಗಳ ಸಂಧಿವಾತದಲ್ಲಿ ಬಲೆಯ ಪಾತ್ರ ಏನು? ಬೀಡಿ ಬಿಡಿ ಎಂದು ಏಕೆ ಹೇಳುತ್ತಾರೆ?

ಬಲೆ ಬಿಚ್ಚುವ ಮೊದಲು ಪಿಎಡಿ4 ಎಂಬ ಕಿಣ್ವ ಹಿಸ್ಟೋನ್‌ನಲ್ಲಿರುವ ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಸಿಟ್ರುಲಿನ್ ಆಗಿ ಬದಲಿಸುತ್ತದೆ. ಆಗ ಡಿಎನ್‌ಎ ಮೇಲಿನ ಹಿಡಿತ ಸಡಿಲವಾಗುತ್ತದೆ. ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ ದೇಹ ಈ ಸಿಟ್ರುಲಿನ್ ಹೊತ್ತ ಪ್ರೋಟೀನುಗಳನ್ನೇ ಪರಕೀಯವೆಂದು ಎಣಿಸುತ್ತದೆ. ‘ಆಂಟಿ ಸಿಸಿಪಿ’ ಪರೀಕ್ಷೆ ಹುಡುಕುವುದು ಆ ಪ್ರತಿಕಾಯವನ್ನು. ಕೀಲು ಊದುವ ಹಲವು ವರ್ಷ ಮೊದಲೇ ಅದು ರಕ್ತದಲ್ಲಿ ಇರಬಹುದು. ಬಲೆಗಳು ಇಂಥ ಪ್ರೋಟೀನುಗಳನ್ನು ಹೊರಗೆ ತಂದು ಹರವುತ್ತವೆ. ಹೊಗೆ ಶ್ವಾಸಕೋಶದಲ್ಲಿ ಇದೇ ಸಿಟ್ರುಲಿನ್ ಬದಲಾವಣೆಯನ್ನು ಹೆಚ್ಚಿಸುತ್ತದೆ. ನಿಕೋಟಿನ್ ಒಂದೇ ಸಾಕು, ನ್ಯೂಟ್ರೋಫಿಲ್ ಬಲೆ ಬಿಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಬೀಡಿ ಬಿಡಿ ಎನ್ನುವುದು ಬರಿಯ ಉಪದೇಶವಲ್ಲ.

ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಗಾಯ ಏಕೆ ಮಾಯುವುದಿಲ್ಲ?

ಕಾರಣಗಳು ಹಲವು: ರಕ್ತ ಸಂಚಾರ ಕಡಿಮೆ, ನರ ಸತ್ತು ನೋವು ತಿಳಿಯದಿರುವುದು, ಸೋಂಕು. ಇವುಗಳ ಜೊತೆ ಬಲೆಯೂ ಸೇರಿತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ನ್ಯೂಟ್ರೋಫಿಲ್‌ಗಳು ಸಣ್ಣ ಕಾರಣಕ್ಕೂ ಬಲೆ ಬಿಡುವ ಸ್ಥಿತಿಯಲ್ಲಿರುತ್ತವೆ. ಗಾಯದ ಮೇಲೆ ಬಲೆ ಹಾಸಿಕೊಂಡು ಹೊಸ ಚರ್ಮ ಕೂಡಲು ಬಿಡುವುದಿಲ್ಲ. 2015ರ ಒಂದು ಅಧ್ಯಯನದಲ್ಲಿ ಪಿಎಡಿ4 ಇಲ್ಲದ ಇಲಿಗಳ ಗಾಯ ಬೇಗ ಮಾಯಿತು, ಡಿಎನ್‌ಏಸ್ ಕೊಟ್ಟ ಸಕ್ಕರೆ ಕಾಯಿಲೆಯ ಇಲಿಗಳದ್ದೂ ಬೇಗ ಮಾಯಿತು. ಡಿಎನ್‌ಏಸ್ ಮುಲಾಮು ಅಂಗಡಿಗೆ ಬರುವ ತನಕ ನಮ್ಮ ಕೈಯಲ್ಲಿರುವುದು ಸಕ್ಕರೆಯ ಹತೋಟಿ ಮತ್ತು ಪಾದದ ಕಾಳಜಿ. ಮಳೆಗಾಲದ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಅಭ್ಯಾಸವನ್ನು, ಸಕ್ಕರೆ ಕಾಯಿಲೆ ಇರುವ ಹಿರಿಯರೇ, ದಯವಿಟ್ಟು ಇಂದೇ ಬಿಡಿ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಇಲಿ ಜ್ವರ, ಡೆಂಗಿ, ಮಂಗನ ಕಾಯಿಲೆ: ನಮ್ಮ ಕಡೆಯ ಜ್ವರಗಳಲ್ಲಿ ಬಲೆ ಏನು ಮಾಡುತ್ತದೆ?

ಮೂರನ್ನೂ ಒಂದೇ ಕಟ್ಟಿಗೆ ಹಾಕುವಂತಿಲ್ಲ. ಇಲಿ ಜ್ವರ ತರುವ ಲೆಪ್ಟೋಸ್ಪೈರಾ ಒಂದು ಬ್ಯಾಕ್ಟೀರಿಯಾ. ಗದ್ದೆಯ ಕೆಸರಿನಿಂದ, ತೋಟದ ಬಸಿಗಾಲುವೆಯ ನೀರಿನಿಂದ ಚರ್ಮದ ಸೀಳಿನ ಮೂಲಕ ಒಳಸೇರುತ್ತದೆ. ಅದು ತಾಗಿದ ಮನುಷ್ಯರ ನ್ಯೂಟ್ರೋಫಿಲ್‌ಗಳು ಬಲೆ ಬಿಡುತ್ತವೆ. ನ್ಯೂಟ್ರೋಫಿಲ್ ತೆಗೆದ ಇಲಿಗಳ ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚಾಯಿತು. ಇಲ್ಲಿ ನ್ಯೂಟ್ರೋಫಿಲ್ ನಮ್ಮ ಪರ ನಿಂತಿದೆ.

ಡೆಂಗಿಯಲ್ಲಿ ಬಲೆಯ ಮುಖ ಬೇರೆ. ವೈರಸ್ ತಾಗಿದ ಪ್ಲೇಟ್‌ಲೆಟ್‌ಗಳು ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡುತ್ತವೆ, ಆ ಗುಳ್ಳೆಗಳು ನ್ಯೂಟ್ರೋಫಿಲ್‌ನಿಂದ ಬಲೆ ಬಿಡಿಸುತ್ತವೆ, ರಕ್ತನಾಳದ ಗೋಡೆ ಸೋರತೊಡಗುತ್ತದೆ. 2019ರಲ್ಲಿ ತೈವಾನಿನ ಸಂಶೋಧಕರು ಈ ಸರಣಿಯನ್ನು ಬಿಡಿಸಿ ತೋರಿಸಿದರು.

ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ) ನಮ್ಮ ಜಿಲ್ಲೆಯದೇ ಕಾಡಿನ ಹೆಸರು ಹೊತ್ತದ್ದು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಅದರ ವೈರಸ್ಸೂ ಡೆಂಗಿ ವೈರಸ್ಸೂ ಒಂದೇ ಕುಟುಂಬಕ್ಕೆ ಸೇರಿದವು. ಆದರೆ ಡೆಂಗಿಯ ಸಾಕ್ಷ್ಯವನ್ನು ತಂದು ಅದಕ್ಕೆ ಹೊಲಿಯಬಾರದು. ಮಂಗನ ಕಾಯಿಲೆಯ ಮೊದಲ ದಿನಗಳಲ್ಲಿ ಬಿಳಿ ಕಣಗಳ ಒಟ್ಟು ಸಂಖ್ಯೆ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದು ವರದಿಯಲ್ಲಿ ಹೀಗೆ ಕಂಡರೆ ಆಸ್ಪತ್ರೆಗೆ ಹೋಗಬೇಕು. ಬಲೆಯ ಚಿಂತೆ ಆಗ ಬೇಡ.

ಹಾವು ಕಚ್ಚಿದ ಜಾಗ ಕೊಳೆಯುವುದಕ್ಕೂ ಬಲೆಗೂ ಸಂಬಂಧ ಇದೆಯಂತೆ, ಹೌದೇ?

ಹೌದು. ಇದನ್ನು ತೋರಿಸಿದವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದ್ದಾರೆ ಎಂದು ಹೇಳಲು ನನಗೆ ಬಹಳ ಹೆಮ್ಮೆ. ಗಜಾನನ ಕಟ್ಕರ್, ಕೆ.ಎಸ್. ಗಿರೀಶ್, ಕೆ. ಕೆಂಪರಾಜು ಮತ್ತು ಸಂಗಡಿಗರ ಅಧ್ಯಯನ 2016ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂತು. ಗರಗಸ ಮಂಡಲದ ವಿಷ ಬಿದ್ದ ಜಾಗಕ್ಕೆ ನ್ಯೂಟ್ರೋಫಿಲ್‌ಗಳು ಓಡಿಬಂದು ಬಲೆ ಬೀಸುತ್ತವೆ. ಬಲೆ ಅಲ್ಲಿನ ರಕ್ತನಾಳಗಳನ್ನು ಕಟ್ಟುತ್ತದೆ, ವಿಷವನ್ನು ಅಲ್ಲೇ ಹಿಡಿದಿಡುತ್ತದೆ. ಹರಡದೆ ನಿಂತ ವಿಷ ಆ ಜಾಗದ ಮಾಂಸವನ್ನು ತಿನ್ನುತ್ತದೆ. ಆ ವಿಷದಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವ ಇಲ್ಲದ ಕಾರಣ ಬಲೆ ಕರಗದೆ ಉಳಿಯುತ್ತದೆ. ಇಲಿಯ ಬಾಲದಲ್ಲಿ ಮಾಡಿದ ಪ್ರಯೋಗದಲ್ಲಿ, ವಿಷ ಸೇರಿಸಿದ ಮೇಲೆ ಡಿಎನ್‌ಏಸ್ ಕೊಟ್ಟರೂ ಬಾಲ ಉಳಿಯಿತು.

ಇದು ಇನ್ನೂ ಮನುಷ್ಯರ ಚಿಕಿತ್ಸೆಯಾಗಿಲ್ಲ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ.

ಕೋವಿಡ್‌ನಲ್ಲಿ ಶ್ವಾಸಕೋಶ ಹಾಳಾದದ್ದು ಇದರಿಂದಲೇ?

ಭಾಗಶಃ. ತೀವ್ರವಾಗಿ ನರಳಿದವರ ರಕ್ತದಲ್ಲಿ ಬಲೆಯ ಗುರುತುಗಳು ಏರಿದ್ದವು. ತೀರಿಹೋದವರ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಬಲೆ ಮತ್ತು ಪ್ಲೇಟ್‌ಲೆಟ್ ಸೇರಿ ಮಾಡಿದ ಹೆಪ್ಪುಗಳು ಕಂಡವು. ಉಸಿರಾಟ ಒಮ್ಮೆಲೇ ಕುಸಿದವರ ವಿಷಯದಲ್ಲಿ ಮನೆಯವರು ಇಂದಿಗೂ ಕೇಳುತ್ತಾರೆ, ‘ನಾವು ಏನಾದರೂ ತಪ್ಪಿಸಬಹುದಿತ್ತೇ?’ ಎಂದು. ಅಷ್ಟು ಸಣ್ಣ ನಾಳಗಳಲ್ಲಿ ನಡೆದದ್ದನ್ನು ಮನೆಯಲ್ಲಿ ಯಾರೂ ತಡೆಯುವಂತಿರಲಿಲ್ಲ.

ಗೌಟ್ ಬಂದು ಹೆಬ್ಬೆರಳು ಊದಿ, ವಾರದಲ್ಲಿ ತಾನೇ ಇಳಿಯುತ್ತದಲ್ಲ, ಏಕೆ?

ಇದರಲ್ಲಿ ಬಲೆ ಒಳ್ಳೆಯ ಕೆಲಸ ಮಾಡುತ್ತದೆ. ಯೂರಿಕ್ ಆಮ್ಲದ ಹರಳುಗಳ ಸುತ್ತ ನ್ಯೂಟ್ರೋಫಿಲ್‌ಗಳು ಗುಂಪುಗೂಡಿದಾಗ ಬಲೆಗಳು ಒಂದಕ್ಕೊಂದು ಸೇರಿ ದಟ್ಟ ಗಂಟಾಗುತ್ತವೆ. ಉರಿ ಹೆಚ್ಚಿಸುವ ರಾಸಾಯನಿಕಗಳು ಆ ಗಂಟಿನಲ್ಲಿ ಸಿಕ್ಕಿ, ಅಲ್ಲಿನ ಕಿಣ್ವಗಳಿಂದಲೇ ಚೂರಾಗುತ್ತವೆ. 2014ರಲ್ಲಿ ಜರ್ಮನಿಯ ಅರ್ಲಾಂಗೆನ್‌ನ ತಂಡ ಇದನ್ನು ಹೇಳಿತು. ಪಿತ್ತಕೋಶದಲ್ಲಿ ಮಾತ್ರ ಇದೇ ಬಗೆಯ ಗಂಟು ಹರಳುಗಳನ್ನು ಅಂಟಿಸಿ ಕಲ್ಲು ಬೆಳೆಸುತ್ತದೆ ಎಂದು 2019ರಲ್ಲಿ ಅದೇ ಊರಿನ ಸಂಶೋಧಕರು ತೋರಿಸಿದರು.

## ಇನ್ನೂ ಆಳಕ್ಕೆ

ಬಲೆ ಕರಗಿಸುವ ಔಷಧಿ ಈಗ ಇದೆಯೇ?

ಒಂದಿದೆ. ಡಾರ್ನೇಸ್ ಆಲ್ಫಾ ಎಂಬ, ಪ್ರಯೋಗಾಲಯದಲ್ಲಿ ತಯಾರಿಸಿದ ಮನುಷ್ಯರ ಡಿಎನ್‌ಏಸ್. ಹುಟ್ಟಿನಿಂದಲೇ ಬರುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯ ರೋಗಿಗಳ ಕಫ ಡಿಎನ್‌ಎಯಿಂದ ಅಂಟಂಟಾಗಿ ಶ್ವಾಸನಾಳ ಕಟ್ಟುವುದರಿಂದ, ಆವಿಯಂತೆ ಉಸಿರಿನಲ್ಲಿ ಎಳೆದುಕೊಳ್ಳಲು ಇದಕ್ಕೆ ಅಮೆರಿಕದಲ್ಲಿ 1993ರಲ್ಲೇ ಒಪ್ಪಿಗೆ ಸಿಕ್ಕಿತು. ಬಲೆ ಪತ್ತೆಯಾಗುವ ಹನ್ನೊಂದು ವರ್ಷ ಮೊದಲು! ಪಿಎಡಿ4 ಕಿಣ್ವವನ್ನು ತಡೆಯುವ ಮದ್ದುಗಳ ಮೇಲೂ ಕೆಲಸ ನಡೆದಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಮದ್ದು ಬಲೆಯಿಂದ ಹಿಸ್ಟೋನ್‌ಗಳನ್ನು ಕಳಚುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಬಲೆಯನ್ನು ಚೂರು ಮಾಡಿದರೆ ಅದಕ್ಕೆ ಅಂಟಿದ ಕಿಣ್ವ, ಹಿಸ್ಟೋನ್ ಬಿಡುಗಡೆಯಾಗಿ ಬೇರೆಡೆ ಹಾನಿ ಮಾಡಬಹುದು. ಕತ್ತರಿಸಿದರಷ್ಟೇ ಸಾಲದು, ಗುಡಿಸಲೂ ಬೇಕು. ಔಷಧಿ ನಿಧಾನವಾಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಬಲೆಗೆ ಬಿದ್ದ ಬ್ಯಾಕ್ಟೀರಿಯಾ ಸತ್ತೇ ಸಾಯುತ್ತದೆಯೇ?

ಇಲ್ಲ. ಕೆಲವು ಪ್ರಯೋಗಗಳಲ್ಲಿ ಬಲೆಯನ್ನು ಡಿಎನ್‌ಏಸ್‌ನಿಂದ ಬಿಡಿಸಿ ನೋಡಿದಾಗ ಸಿಕ್ಕಿಬಿದ್ದ ಬ್ಯಾಕ್ಟೀರಿಯಾಗಳು ಜೀವಂತವಾಗಿದ್ದವು. ಕ್ಷಯದ ಬ್ಯಾಕ್ಟೀರಿಯಾ ಬಲೆಗೆ ಬೀಳುತ್ತದೆ, ಸಾಯುವುದಿಲ್ಲ. ಗಂಟಲು ನೋವಿನ ಸ್ಟ್ರೆಪ್ಟೋಕಾಕಸ್, ನ್ಯುಮೋನಿಯಾ ತರುವ ನ್ಯುಮೋಕಾಕಸ್, ಕುರು ಏಳಿಸುವ ಸ್ಟ್ಯಾಫೈಲೋಕಾಕಸ್ ತಮ್ಮದೇ ಡಿಎನ್‌ಎ ಕತ್ತರಿಸುವ ಕಿಣ್ವ ಬಿಟ್ಟು ಬಲೆ ಹರಿದು ಪಾರಾಗುತ್ತವೆ. ಬಲೆ ಕೊಲ್ಲುವುದಕ್ಕಿಂತ ಹಿಡಿದು ನಿಲ್ಲಿಸುವುದೇ ಹೆಚ್ಚು ಎಂಬ ವಾದ ನನಗೆ ಸರಿಯೆನಿಸುತ್ತದೆ.

ಬಲೆ ಬಿಡಲಾಗದೆ ಹುಟ್ಟಿದವರು ಇದ್ದಾರೆಯೇ? ಅವರು ಹೇಗೆ ಬದುಕುತ್ತಾರೆ?

ಇದ್ದಾರೆ, ಅವರಿಂದಲೇ ನಾವು ಹೆಚ್ಚು ಕಲಿತಿದ್ದೇವೆ. ಕ್ರಾನಿಕ್ ಗ್ರಾನ್ಯುಲೋಮೆಟಸ್ ಕಾಯಿಲೆಯವರ ನ್ಯೂಟ್ರೋಫಿಲ್‌ಗಳಲ್ಲಿ ಆಮ್ಲಜನಕದಿಂದ ತೀಕ್ಷ್ಣ ರಾಸಾಯನಿಕ ತಯಾರಿಸುವ ಕಿಣ್ವ ಕೆಟ್ಟಿರುತ್ತದೆ. ಬಲೆಯೂ ಸರಿಯಾಗಿ ಬರುವುದಿಲ್ಲ, ಬೂಷ್ಟಿನ ಸೋಂಕು ಬೆನ್ನು ಬಿಡುವುದಿಲ್ಲ. ಅಂಥ ಒಂದು ಮಗುವಿಗೆ ಜೀನ್ ಚಿಕಿತ್ಸೆ ಕೊಟ್ಟಾಗ ಬಲೆ ಬಿಡುವ ಶಕ್ತಿ ಮರಳಿತು, ಶ್ವಾಸಕೋಶದ ಆಸ್ಪರ್‌ಜಿಲ್ಲಸ್ ಬೂಷ್ಟು ತೊಲಗಿತು ಎಂದು 2009ರಲ್ಲಿ ವರದಿಯಾಯಿತು. ಇದನ್ನು ಓದಿದರೆ ಬಲೆ ಅನಿವಾರ್ಯ ಎನಿಸುತ್ತದೆ. ಆದರೆ ಪಾಪಿಯೋಂ–ಲಫೆವ್ರ್ ಸಿಂಡ್ರೋಮ್ ಇರುವವರಲ್ಲಿ ಎಲಾಸ್ಟೇಸ್ ಇಲ್ಲದೆ ಬಲೆ ಬರುವುದಿಲ್ಲ, ಒಸಡು ಕೆಟ್ಟು ಹಲ್ಲು ಬೇಗ ಉದುರುತ್ತದೆ, ದೊಡ್ಡ ಸೋಂಕುಗಳು ಮಾತ್ರ ಎಣಿಸಿದಷ್ಟು ಕಾಡುವುದಿಲ್ಲ. ಹೀಗಾಗಿ ಬಲೆ ಕೆಲವು ಶತ್ರುಗಳಿಗೆ ಮಾತ್ರ ಅತ್ಯಗತ್ಯ. ನುಂಗಲಾರದಷ್ಟು ಉದ್ದ ಬೆಳೆಯುವ ಬೂಷ್ಟಿನ ಎಳೆಗೆ ಅದು ಬೇಕೇ ಬೇಕು.

ಹಸುಗೂಸುಗಳ ವಿಷಯ ಇನ್ನೂ ಕುತೂಹಲದ್ದು. ಆಗ ತಾನೇ ಹುಟ್ಟಿದ ಮಗುವಿನ ನ್ಯೂಟ್ರೋಫಿಲ್ ಬಲೆ ಬಿಡಲು ಹಿಂಜರಿಯುತ್ತದೆ. ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಬಲೆಯನ್ನು ತಡೆಯುವ ಸಣ್ಣ ಪ್ರೋಟೀನು ಇರುವುದು 2016ರಲ್ಲಿ ಗೊತ್ತಾಯಿತು. ನವಜಾತ ಶಿಶುಗಳಿಗೆ ನಂಜು ಬೇಗ ಏರುವುದಕ್ಕೆ ಇದೂ ಕಾರಣವಿರಬಹುದು. ಬಾಣಂತಿ ಕೋಣೆಗೆ ಹೋಗುವವರು ಕೈ ತೊಳೆದು ಹೋಗಿ ಎಂದು ನಾನು ಗೋಗರೆಯುವುದು ಇದಕ್ಕೇ.

ಪ್ರಯೋಗಾಲಯದ ಬಲೆಯೂ ದೇಹದೊಳಗಿನ ಬಲೆಯೂ ಒಂದೇ ಎಂದು ಹೇಗೆ ನಂಬುವುದು?

ವಿದ್ಯಾರ್ಥಿಗಳ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಪ್ರಯೋಗಾಲಯದಲ್ಲಿ ಪಿಎಂಎ ಎಂಬ ರಾಸಾಯನಿಕ ಹಾಕಿ ಬಲೆ ಬಿಡಿಸುವುದು ರೂಢಿ. ದೇಹದಲ್ಲಿ ಆ ರಾಸಾಯನಿಕ ಇಲ್ಲ. ರಕ್ತದಲ್ಲಿ ಬರೀ ಡಿಎನ್‌ಎ ಅಳೆದರೆ ಅದು ಬೇರಾವುದೇ ಸತ್ತ ಕೋಶದ್ದಾಗಿರಬಹುದು. ಅದಕ್ಕೆ ಡಿಎನ್‌ಎ ಜೊತೆ ಮೈಲೋಪೆರಾಕ್ಸಿಡೇಸ್ ಅಂಟಿದೆಯೇ, ಹಿಸ್ಟೋನ್ ಸಿಟ್ರುಲಿನ್ ಹೊತ್ತಿದೆಯೇ ಎಂದು ಒಟ್ಟಿಗೆ ನೋಡಬೇಕು. ಒಂದೇ ಗುರುತು ಅಳೆದು ‘ಬಲೆ ಸಿಕ್ಕಿತು’ ಎನ್ನುವ ಲೇಖನವನ್ನು ಎಚ್ಚರಿಕೆಯಿಂದ ಓದಿ. ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಹೇಳುವಾಗಲೂ ಅಷ್ಟೇ ಎಚ್ಚರ ಬೇಕು.

ಹಸುಗಳಿಗೂ ಈ ಬಲೆ ಇದೆಯೇ?

ಇದೆ. ಕೆಚ್ಚಲು ಬಾವು ಬಂದಾಗ ನ್ಯೂಟ್ರೋಫಿಲ್‌ಗಳು ಹಾಲಿಗೆ ಇಳಿಯುತ್ತವೆ. ಹಾಲಿನಲ್ಲಿ ಅವುಗಳ ಬೇರೆ ಕೆಲಸಗಳು ಮಂಕಾಗುತ್ತವೆ, ಬಲೆ ಬಿಡುವ ಕೆಲಸ ಮಾತ್ರ ನಡೆಯುತ್ತದೆ ಎಂದು 2006ರಲ್ಲಿ ತಿಳಿದುಬಂತು.

ಅಡಿಕೆ ತೋಟದವನು ನಾನು. ಗಿಡಗಳಿಗೂ ಇಂಥದ್ದು ಏನಾದರೂ ಉಂಟೇ?

ಈ ಪ್ರಶ್ನೆ ಮೊದಲ ಬಾರಿ ಬಂದಾಗ ನಾನು ಹುಡುಕಿ ಓದಿ ಬೆರಗಾದೆ. ಗಿಡಕ್ಕೆ ರಕ್ತವಿಲ್ಲ, ನ್ಯೂಟ್ರೋಫಿಲ್ ಇಲ್ಲ. ಆದರೆ ಬೇರಿನ ತುದಿಯಿಂದ ಕಳಚಿಕೊಳ್ಳುವ ಕೋಶಗಳು ಸುತ್ತಲಿನ ಮಣ್ಣಿಗೆ ಒಂದು ಬಗೆಯ ಲೋಳೆ ಬಿಡುತ್ತವೆ, ಆ ಲೋಳೆಯಲ್ಲಿ ಡಿಎನ್‌ಎ ಮತ್ತು ಹಿಸ್ಟೋನ್ ಇರುತ್ತವೆ. ಬಟಾಣಿ ಗಿಡದಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಸಾಮಾನ್ಯವಾಗಿ ಬೇರಿನ ತುದಿ ಶಿಲೀಂಧ್ರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಲೋಳೆಗೆ ಡಿಎನ್‌ಏಸ್ ಬೆರೆಸಿ ಅದೇ ಶಿಲೀಂಧ್ರವನ್ನು ಬಿಟ್ಟಾಗ ಬೇರಿನ ತುದಿ ಕೊಳೆಯಿತು.